ಕೇಕು ತರದ ಇಬ್ಬರು

ನನಗೆ ಮೋಸ ಮಾಡಿದ್ದು ಸ್ಟಾಕ್‌ಹೋಮಿನ ದೊಡ್ಡ ಚಾನೆಲ್ಲಿನವರಲ್ಲ. ಅವರಿಗೆ ನಾನೊಬ್ಬಳು ಇದ್ದೇನೆಂಬುದೇ ಗೊತ್ತಿರಲಿಲ್ಲ. ಗೊತ್ತಿಲ್ಲದವರು ಮೋಸ ಮಾಡಲಾರರು. ನಮ್ಮ ಸ್ಟೇಷನ್ನಿನ ಮುಖ್ಯಸ್ಥೆಯೂ ಅಲ್ಲ. ಮಾಡಿದವನು ನಮ್ಮ ಟೆಕ್ನಿಷಿಯನ್. ಹನ್ನೊಂದು ವರ್ಷ ಒಂದೇ ಥರ್ಮಾಸಿನಿಂದ ನನ್ನೊಡನೆ ಕಾಫಿ ಕುಡಿದವನು. ನನ್ನ ಕೆಲಸವನ್ನು ನನ್ನ ಬಾಯಿಂದಲೇ ಹೇಳಿಸಿಕೊಂಡು ತನ್ನ ಹೆಸರಿಗೆ ಬರೆದುಕೊಂಡ. ನಡೆದದ್ದು ಇಷ್ಟೇ. ಹೇಗೆ ನಡೆಯಿತು ಎನ್ನುವುದನ್ನು ಮೊದಲಿನಿಂದ ಹೇಳುತ್ತೇನೆ.

ನಾವಿರುವ ಊರು ಓರೆಬ್ರೂದಿಂದ ರೈಲಿನಲ್ಲಿ ಮುಕ್ಕಾಲು ಗಂಟೆ. ಹೊಳೆಯ ಪಕ್ಕ, ಹಿಂದೆ ಬ್ಯಾಂಕಾಗಿದ್ದ ಕಟ್ಟಡದಲ್ಲಿ ಟಿವಿ ಸ್ಟೇಷನ್ನು. ಇಡೀ ದಿನ ಸ್ಟಾಕ್‌ಹೋಮಿನ ಕಾರ್ಯಕ್ರಮವೇ ಹೋಗುತ್ತಿತ್ತು. ಸಂಜೆಯ ಸುದ್ದಿಯ ನಡುವೆ ಐದಾರು ನಿಮಿಷ ಮಾತ್ರ ನಮ್ಮ ಊರಿನದು. ಆ ಐದಾರು ನಿಮಿಷಕ್ಕೆ ಸ್ಟೇಷನ್ನಿನವರು ಕಿಟಕಿ ಎನ್ನುತ್ತಿದ್ದರು. ಟೆಕ್ನಿಷಿಯನ್ ಗಡಿಯಾರ ನೋಡುತ್ತ ಕೂತು, ಸರಿಯಾದ ಸೆಕೆಂಡಿಗೆ ಗುಂಡಿ ಒತ್ತಿ ಸ್ಟಾಕ್‌ಹೋಮನ್ನು ಕತ್ತರಿಸಿ ನಮ್ಮದನ್ನು ಬಿಡಬೇಕು. ಮುಗಿದ ಕೂಡಲೇ ಮತ್ತೆ ಅವರಿಗೆ ಜೋಡಿಸಬೇಕು. ಒಂದು ಸೆಕೆಂಡು ತಡವಾದರೆ ಅಲ್ಲಿ ಸುದ್ದಿ ಓದುವವಳ ಅರ್ಧ ಮಾತು ನುಂಗಿಹೋಗುತ್ತಿತ್ತು. ಅವನು ತಡ ಮಾಡಿದ್ದನ್ನು ನಾನು ನೋಡಿದ್ದು ಎರಡೇ ಸಲ. ಕೆಲಸಗಾರ ಹೌದು. ಅದನ್ನು ಇಲ್ಲ ಎನ್ನುವುದಿಲ್ಲ.

ನಾನು ಅಲ್ಲಿ ಕ್ಲೀನರ್. ಅದೂ ಸ್ಟೇಷನ್ನಿನ ನೌಕರಳಲ್ಲ, ಕ್ಲೀನಿಂಗ್ ಕಂಪನಿ ಕಳಿಸಿದವಳು. ದಾವಣಗೆರೆಯಲ್ಲಿ ಏಳನೇ ಕ್ಲಾಸಿಗೆ ಶಾಲೆ ಬಿಟ್ಟವಳಿಗೆ ಸ್ವೀಡನ್ನಿನಲ್ಲಿ ಯಾರೂ ಕುರ್ಚಿ ಹಾಕಿಕೊಂಡು ಕಾದಿರಲಿಲ್ಲ. ಮಧ್ಯಾಹ್ನ ಹನ್ನೆರಡಕ್ಕೆ ಹೋದರೆ ಆರಕ್ಕೆ ಬಿಡುವು. ಅಡುಗೆ ಕೋಣೆ, ಎರಡು ಪಾಯಿಖಾನೆ, ವರದಿಗಾರರು ಕೂರುವ ಹಾಲ್, ಸ್ಟುಡಿಯೋ. ಸ್ಟುಡಿಯೋದ ಕರಿ ನೆಲಕ್ಕೆ ನೀರು ಹಾಕುವಂತಿಲ್ಲ. ಹಾಕಿದರೆ ಕ್ಯಾಮೆರಾದ ಗಾಲಿ ಗುರುತು ಬಿಡುತ್ತದೆ. ಒಣ ಬಟ್ಟೆಯಲ್ಲೇ ಒರೆಸಬೇಕು. ಎಲ್ಲದರ ಕೆಳಗೆ ನೆಲಮಾಳಿಗೆ. ಬ್ಯಾಂಕಿನ ಕಾಲದ ದಪ್ಪ ಬಾಗಿಲು, ಒಳಗೆ ಹದಿನಾಲ್ಕು ಕಪಾಟುಗಳ ತುಂಬ ಟೇಪುಗಳು. ಇಪ್ಪತ್ತು ವರ್ಷಗಳ ಕಿಟಕಿಗಳೆಲ್ಲ ಅಲ್ಲಿದ್ದವು.

ಈ ಟೇಪುಗಳಿಗೆ ಒಂದು ಗುಣವಿದೆ. ಸುಮ್ಮನೆ ಇಟ್ಟರೆ ಒಳಗಿನ ಪಟ್ಟಿ ಒಂದರ ಮೇಲೊಂದು ಅಂಟಿಕೊಳ್ಳುತ್ತದೆ. ವರ್ಷಕ್ಕೊಮ್ಮೆಯಾದರೂ ಈ ತುದಿಯಿಂದ ಆ ತುದಿಗೆ ಓಡಿಸಿ ಮತ್ತೆ ಸುತ್ತಬೇಕು. ಟೆಕ್ನಿಷಿಯನ್ನನಿಗೆ ಪುರುಸೊತ್ತಿರಲಿಲ್ಲ. ಒಂದು ದಿನ ನನ್ನ ಬಕೆಟ್ಟಿನ ಪಕ್ಕ ಬಂದು ನಿಂತ.

“ನೀನು ಕೆಳಗೆ ಒರೆಸೋವಾಗ ಇದೊಂದು ಗುಂಡಿ ಒತ್ತಿ ಹೋಗ್ತೀಯಾ?”

ಇಲ್ಲಿ ಎಲ್ಲರಿಗೂ ಎಲ್ಲರೂ ನೀನು. ಮುಖ್ಯಸ್ಥೆಗೂ ನೀನು, ಮಂತ್ರಿಗೂ ನೀನು.

“ಒಂದೇ ಗುಂಡಿನಾ?” ಎಂದೆ.

“ಮೊದಲು ಒಂದು. ಆಮೇಲೆ ನೋಡೋಣ.”

ಆಮೇಲೆ ಎಲ್ಲವನ್ನೂ ಕಲಿಸಿದ. ಟೇಪಿನ ಮೂಲೆಯ ಕೆಂಪು ಗುಬುಟು ಒಳಗೆ ಒತ್ತಿದೆಯೇ ಎಂದು ಮೊದಲು ನೋಡಬೇಕು. ಇಲ್ಲದಿದ್ದರೆ ತಪ್ಪಿ ಅದರ ಮೇಲೆ ಇನ್ನೇನೋ ರೆಕಾರ್ಡ್ ಆಗಿ ಹಳೆಯದು ಅಳಿಸಿಹೋಗುತ್ತದೆ. ಯಂತ್ರದೊಳಗೆ ತಿರುಗುವ ಉರುಟು ಲೋಹವನ್ನು ಒರೆಸುವಾಗ ಮೆದು ಚರ್ಮದ ತುಂಡನ್ನು ಸ್ಪಿರಿಟ್ಟಿನಲ್ಲಿ ಅದ್ದಿ ಸುಮ್ಮನೆ ಒತ್ತಿ ಹಿಡಿಯಬೇಕು, ಇನ್ನೊಂದು ಕೈಯಲ್ಲಿ ಲೋಹವನ್ನೇ ತಿರುಗಿಸಬೇಕು. ಮೇಲೆ ಕೆಳಗೆ ಉಜ್ಜಿದೆವೋ, ಯಂತ್ರ ಹೋಯಿತು. “ಪಾತ್ರೆ ತಿಕ್ಕೋ ಹಾಗೆ ತಿಕ್ಕಬೇಡ,” ಎಂದ. “ನಿಮ್ಮ ಪಾತ್ರೆ ನಾನು ತಿಕ್ಕೋದನ್ನ ನೀನು ಯಾವಾಗ ನೋಡಿದ್ದೀ? ಡಿಶ್‌ವಾಶರ್ ತಿಕ್ಕುತ್ತೆ,” ಎಂದೆ. ನಕ್ಕ. ಅವನು ನಗುವುದು ಕಡಿಮೆ.

ಟೇಪು ಓಡುವಾಗ ಚಿತ್ರವೂ ಓಡುತ್ತದೆ. ನೆಲ ಒರೆಸುವ ಕೈಗೆ ಕಣ್ಣು ಬೇಕಿಲ್ಲ. ನೋಡುತ್ತ ಹೋದೆ. ಸುಮ್ಮನೆ ನೋಡಿ ಬಿಡುವ ಕಣ್ಣಲ್ಲ ನನ್ನದು. ಊರಿಗೆ ಹೋದಾಗ ತಂದ ಉದ್ದನೆಯ ನೋಟ್‌ಬುಕ್ಕೊಂದು ಇತ್ತು. ಅದರಲ್ಲಿ ಬರೆಯತೊಡಗಿದೆ. ಸ್ವೀಡಿಷ್ ಮಾತಾಡಬಲ್ಲೆ, ಬರೆದರೆ ಮೊಮ್ಮಗಳು ನಗುತ್ತಾಳೆ. ಕನ್ನಡದಲ್ಲೇ ಬರೆದೆ. ಟೇಪಿನಲ್ಲಿದ್ದವರ ಹೆಸರು ನನಗೆ ಗೊತ್ತಿರಲಿಲ್ಲ, ಕಂಡದ್ದನ್ನು ಬರೆದೆ. ಬೆಂಕಿಗೆ ಒಂದಿಷ್ಟು ಹಾಳೆ, ನೀರಿಗೆ ಒಂದಿಷ್ಟು, ಹಿಮ, ದನ, ಜಗಳ, ಅಳು, ರಿಬ್ಬನ್ ಕತ್ತರಿಸುವುದು. ರಿಬ್ಬನ್ನಿಗೇ ಎಂಟು ಹಾಳೆ ಹೋಯಿತು. ‘ಬೋಳುತಲೆಯವನು, ಕೆಂಪು ಸ್ವೆಟರು, ಕತ್ತರಿ ಹಿಡಿಯಲು ಬರುವುದಿಲ್ಲ. ನಾಲ್ಕನೇ ಕಪಾಟು, ಎರಡನೇ ಸಾಲು, ಎಡದಿಂದ ಏಳು.’ ಹೀಗೆ.

ಸ್ಟೇಷನ್ನಿನವರ ಬಳಿಯೂ ಕಾರ್ಡುಗಳಿದ್ದವು. ಅದರಲ್ಲಿ ತಾರೀಖು ಮತ್ತು ವರದಿಗಾರನ ಹೆಸರು. ವರದಿಗಾರರು ಬಿಟ್ಟು ಹೋಗುತ್ತಿದ್ದರು, ತಾರೀಖು ಯಾರಿಗೂ ನೆನಪಿರುತ್ತಿರಲಿಲ್ಲ. ಒಂದು ವಸಂತದಲ್ಲಿ ಹೊಳೆ ಮತ್ತೆ ಉಕ್ಕಿತು. ಕಿಟಕಿ ತೆಗೆಯಲು ಅರ್ಧ ಗಂಟೆ ಇದೆ. ವರದಿಗಾರ್ತಿ ಒಬ್ಬಳು ಕಾರ್ಡುಗಳನ್ನೆಲ್ಲ ಮೇಜಿನ ಮೇಲೆ ಸುರಿದುಕೊಂಡು ಕೂಗಾಡುತ್ತಿದ್ದಳು: “ಹಳೇ ಪ್ರವಾಹ! ಒಬ್ಬಳು ಮುದುಕಿ ದೋಣಿಯಿಂದ ಇಳೀತಾಳಲ್ಲ, ಅದು! ಯಾವ ವರ್ಷ ಅದು?”

“ಹಳದಿ ಬೂಟಿನವಳಾ?” ಎಂದೆ. “ಇಳಿಯೋವಾಗ ಬೆಕ್ಕಿನ ಬುಟ್ಟಿ ಜಾರಿ ಬೀಳುತ್ತೆ?”

ಅವಳು ನನ್ನನ್ನು ನೋಡಿದಳು. ನಾನು ಮಾಪನ್ನು ಗೋಡೆಗೆ ಒರಗಿಸಿ ಕೆಳಗೆ ಹೋದೆ. ಹತ್ತನೇ ಕಪಾಟು, ಕೆಳಗಿನ ಸಾಲು. ನೆಲಮಾಳಿಗೆಯ ತಣ್ಣನೆಯ ಟೇಪನ್ನು ಮೇಲಿನ ಬೆಚ್ಚನೆಯ ಕೋಣೆಗೆ ತಂದ ಕೂಡಲೇ ಯಂತ್ರಕ್ಕೆ ಹಾಕುವಂತಿಲ್ಲ, ಬೆವರುತ್ತದೆ. ಟೆಕ್ನಿಷಿಯನ್ ಕೆಳಗಿನ ಯಂತ್ರಕ್ಕೇ ಹಾಕಿ ತಂತಿಯ ಮೂಲಕ ಮೇಲಕ್ಕೆ ಕಳಿಸಿದ. ಆವತ್ತಿನ ಕಿಟಕಿಯಲ್ಲಿ ಹಳದಿ ಬೂಟಿನ ಮುದುಕಿ ಬಂದಳು. ಅಂದಿನಿಂದ ಯಾರಿಗೆ ಏನು ಬೇಕಾದರೂ, “ಕೆಳಗೆ ಕೇಳು,” ಎನ್ನುವುದು ರೂಢಿಯಾಯಿತು. ಕೆಳಗೆ ಎಂದರೆ ನಾನು.

ಒಂದು ನೋಟ್‌ಬುಕ್ಕು ಮೂರಾಯಿತು. ವರ್ಷಗಳು ಹೋದವು. ನನ್ನ ಯಜಮಾನರು ತೀರಿಕೊಂಡಾಗ ಸ್ಟೇಷನ್ನಿನಿಂದ ಮನೆಗೆ ಬಂದವನು ಟೆಕ್ನಿಷಿಯನ್ ಒಬ್ಬನೇ. ಒಂದು ಗಂಟೆ ಕೂತ, ಅಡುಗೆ ಮನೆಯ ತೊಟ್ಟಿಕ್ಕುವ ನಲ್ಲಿ ಸರಿಮಾಡಿ ಹೋದ. ಇದನ್ನು ಏಕೆ ಬರೆಯುತ್ತಿದ್ದೇನೆಂದರೆ, ಅವನು ಮೊದಲಿನಿಂದ ಕೆಟ್ಟವನಾಗಿದ್ದರೆ ನಾನು ಇದನ್ನು ಬರೆಯುವ ಕಾರಣವೇ ಇರಲಿಲ್ಲ.

ಆ ಹೊತ್ತಿಗೆ ಜನ ಸುದ್ದಿಯನ್ನು ಫೋನಿನಲ್ಲಿ ನೋಡತೊಡಗಿದ್ದರು. ಸ್ಟೇಷನ್ನಿನಲ್ಲಿ ಹದಿನೈದು ಜನರಿದ್ದವರು ಆರಾದರು. ಒಂದು ವಸಂತದ ಮಧ್ಯಾಹ್ನ ಫೀಕಾದ ಹೊತ್ತಿನಲ್ಲಿ, ಎಲ್ಲರೂ ಕೂತು ಕಾಫಿ ಕುಡಿಯುವಾಗ, ಮುಖ್ಯಸ್ಥೆ ಹೇಳಿದಳು: ಸ್ಟಾಕ್‌ಹೋಮ್ ಊರೂರಿನ ಕಿಟಕಿಗಳನ್ನು ಮುಚ್ಚುತ್ತಿದೆ. ಬೇಸಿಗೆ ಮುಗಿಯುವ ತನಕ ನಮಗೆ ಸಮಯ. ಟೇಪುಗಳೆಲ್ಲ ಓರೆಬ್ರೂದಲ್ಲಿ ಹೊಸದಾಗಿ ಮಾಡುವ ಸಂಗ್ರಹಕ್ಕೆ ಹೋಗುತ್ತವೆ. ಯಾರೂ ಕೂಗಾಡಲಿಲ್ಲ. ಒಬ್ಬ ಮಾತ್ರ ಇನ್ನೊಂದು ಲೋಟ ಕಾಫಿ ಬಗ್ಗಿಸಿಕೊಂಡ. ಇಲ್ಲಿನವರ ದುಃಖ ಹೀಗೆಯೇ.

ಮಾರನೆಯ ದಿನ ಟೆಕ್ನಿಷಿಯನ್ ನೆಲಮಾಳಿಗೆಗೆ ಬಂದ. ಥರ್ಮಾಸನ್ನು ಯಂತ್ರದ ಮೇಲಿಟ್ಟ.

“ಓರೆಬ್ರೂದಲ್ಲಿ ಎರಡು ಹುದ್ದೆ ಇದೆ. ಒಂದು ಯಂತ್ರಕ್ಕೆ, ಒಂದು ಹುಡುಕೋದಕ್ಕೆ. ಹುಡುಕೋದು ನಿಂದು. ಆದರೆ ಪೂರ್ತಿ ಪಟ್ಟಿ ಸ್ವೀಡಿಷ್‌ನಲ್ಲಿ ಕೊಡಬೇಕು. ನೀನು ಓದು, ನಾನು ಟೈಪ್ ಮಾಡ್ತೀನಿ.”

“ನನ್ನ ಹೆಸರಲ್ಲಿ? ಕ್ಲೀನರ್ ಅಂತಲ್ಲ ತಾನೇ?”

ಅವನು ಉತ್ತರದ ಕಡೆಯವನು. ಆ ಕಡೆಯವರು ಹೌದು ಎನ್ನಲು ಬಾಯಿ ತೆರೆಯುವುದಿಲ್ಲ, ಸುರ್ರೆಂದು ಒಂದು ಉಸಿರು ಒಳಗೆ ಎಳೆದುಕೊಳ್ಳುತ್ತಾರೆ, ಅಷ್ಟೇ. ಅವನು ಹಾಗೆ ಉಸಿರೆಳೆದ. ನಾನು ಅದನ್ನು ಮಾತು ಎಂದುಕೊಂಡೆ.

ನನಗೆ ಆಗ ಅರವತ್ತೊಂದು. ಇನ್ನು ನಾಲ್ಕೈದು ವರ್ಷ ದುಡಿಯಬೇಕು. ಬಕೆಟ್ಟು ಹೊರುವ ಸೊಂಟ ಉಳಿದಿರಲಿಲ್ಲ. ಅದಕ್ಕಿಂತ, ಒಂದು ಬಾಗಿಲ ಮೇಲಲ್ಲದಿದ್ದರೂ ಒಂದು ಕಾಗದದ ಮೇಲಾದರೂ, ಇವಳು ಇಂಥ ಕೆಲಸದವಳು ಎಂದು ಇರಲಿ ಎಂದು ಆಸೆಯಾಯಿತು. ಆಸೆ ಎಂದೇ ಬರೆಯುತ್ತೇನೆ, ಬೇರೆ ಹೆಸರಿಲ್ಲ.

ಕೆಲಸ ಶುರುವಾಯಿತು. ನೆಲ ಒರೆಸುವುದನ್ನು ಮುಗಿಸಿ ಮೂರು ಗಂಟೆಗೆ ಕೆಳಗೆ ಕೂರುತ್ತಿದ್ದೆವು. ನಾನು ಕನ್ನಡದಲ್ಲಿ ಓದಿಕೊಂಡು ಸ್ವೀಡಿಷ್‌ನಲ್ಲಿ ಹೇಳುತ್ತಿದ್ದೆ, ಅವನು ಬೆರಳಾಡಿಸುತ್ತಿದ್ದ. ಐದಕ್ಕೆ ಅವನು ಕಿಟಕಿಯ ಸಿದ್ಧತೆಗೆ ಮೇಲೆ ಹೋಗಬೇಕು. ದಿನಕ್ಕೆ ಒಂದೂವರೆ ಸಾಲು ಆಗುತ್ತಿತ್ತು, ಒಳ್ಳೆಯ ದಿನ ಎರಡು.

ಎರಡನೇ ವಾರ ಯಂತ್ರ ಕೈಕೊಟ್ಟಿತು. ಸಂಶಯ ಬಂದು ನೋಡಲು ತೆಗೆದ ಕೆಳಗಿನ ಸಾಲಿನ ಟೇಪೊಂದರಲ್ಲಿ ಬೂಸ್ಟು ಹಿಡಿದಿತ್ತು. ನಾನು ಮುಚ್ಚಳ ಎತ್ತಿ ಮೂಸಿ ನೋಡದೆ ಹಾಕಿಬಿಟ್ಟೆ. ಚಿತ್ರ ಹಿಟ್ಟು ಉದುರಿದ ಹಾಗೆ ಬೆಳ್ಳಗಾಗಿ ನಿಂತಿತು. ತಪ್ಪು ನನ್ನದೇ. ಅವನು ಬೈಯಲಿಲ್ಲ. ಸ್ಟುಡಿಯೋದ ಮೂಲೆಯಲ್ಲಿ ಸತ್ತು ಬಿದ್ದಿದ್ದ ಇನ್ನೊಂದು ಯಂತ್ರದಿಂದ ಭಾಗ ಕಿತ್ತು ತಂದು ಎರಡು ದಿನ ಕೂತು ಜೋಡಿಸಿದ. ನಾನು ಟಾರ್ಚು ಹಿಡಿದೆ. ಆ ಎರಡು ದಿನ ನನಗೆ ಈಗಲೂ ಸಿಹಿಯಾಗಿಯೇ ನೆನಪಿದೆ. ಅದೇ ಕಷ್ಟ.

ದೊಡ್ಡ ಏಟು ಬಿದ್ದದ್ದು ಐದನೇ ವಾರ. ಮುಖ್ಯಸ್ಥೆ ಪಟ್ಟಿಯನ್ನು ಪರೀಕ್ಷಿಸಲು ಬಂದಳು. ಹಾಳೆಯ ಮೇಲೆ ಬೆರಳಿಟ್ಟು, “ಇದು ತೆಗಿ,” ಎಂದಳು. ಹತ್ತನೇ ಕಪಾಟು, ಕಾಗದದ ಕಾರ್ಖಾನೆಯ ಚಿಮಣಿ ಬೀಳಿಸುವುದು. ತೆಗೆದು ಹಾಕಿದರೆ ದನಗಳ ಪ್ರದರ್ಶನ ಬಂತು. ಇನ್ನೊಂದು ತೆಗೆದೆ. ಮತ್ತೆ ದನ. ಮುಖ್ಯಸ್ಥೆ ಅವನಿಗೆ ಸರಿಮಾಡು ಎಂದು ಹೇಳಿ ಮೇಲೆ ಹೋದ ಮೇಲೆ ಟೆಕ್ನಿಷಿಯನ್ ನನ್ನ ಕಡೆ ತಿರುಗಿದ.

“ನಿನ್ನ ಪುಸ್ತಕ ತಪ್ಪು,” ಎಂದ.

“ಪುಸ್ತಕ ಸರಿ ಇದೆ. ಕಪಾಟು ತಪ್ಪಿದೆ,” ಎಂದೆ. ಹಾಗೆಂದಾಗ ನನಗೇ ಧೈರ್ಯ ಇರಲಿಲ್ಲ.

ಕೂತು ಯೋಚಿಸಿದ ಮೇಲೆ ಹೊಳೆಯಿತು. ಹಿಂದಿನ ವರ್ಷ ತಂಗಿಯ ಮಗಳ ಮದುವೆಗೆಂದು ನಾನು ಎರಡು ತಿಂಗಳು ದಾವಣಗೆರೆಗೆ ಹೋಗಿದ್ದೆ. ಆಗ ಪೈಪು ಸೋರಿ, ಕೆಲಸದವರು ಮೂರು ಕಪಾಟುಗಳನ್ನು ಈಚೆ ಎಳೆದು ಗೋಡೆ ಒಣಗಿಸಿದ್ದರು. ವಾಪಸು ತಳ್ಳುವಾಗ ಹಿಂದುಮುಂದು ಮಾಡಿದ್ದರು. ನಾನು ಟೇಪಿನ ಮೇಲೆ ನಂಬರು ಹಾಕಿರಲಿಲ್ಲ, ಜಾಗ ಮಾತ್ರ ಬರೆದಿದ್ದೆ. ನಮ್ಮ ಅಡುಗೆ ಮನೆಯಲ್ಲಿ ಯಾವ ಡಬ್ಬಿಯ ಮೇಲೆ ಹೆಸರು ಬರೆದಿರುತ್ತದೆ? ಸಾಸಿವೆ ಇರುವ ಜಾಗ ಸಾಸಿವೆಯದು. ಕತ್ತಲಲ್ಲೂ ಕೈ ಹೋಗುತ್ತದೆ. ಹಾಗೇ ಮಾಡಿದ್ದೆ. ಬೇರೆಯವರು ಡಬ್ಬಿ ಸರಿಸಿದರೆ ಏನಾಗುತ್ತದೆಂದು ಯೋಚಿಸಿರಲಿಲ್ಲ.

ಮೂರು ಕಪಾಟುಗಳ ಟೇಪುಗಳನ್ನು ಒಂದೊಂದಾಗಿ ಮತ್ತೆ ಓಡಿಸಿ ನೋಡಿ ಸರಿಮಾಡಬೇಕಾಯಿತು. ಬೆಳಿಗ್ಗೆಯೇ ಹೋಗತೊಡಗಿದೆ. ಆ ಹೊತ್ತಿಗೆ ಕಂಪನಿಯ ಸಂಬಳವಿಲ್ಲ, ನನ್ನ ಹೊತ್ತು ಅದು. ಈ ಸಲ ಪ್ರತಿ ಟೇಪಿಗೂ ಅಂಟುಪಟ್ಟಿ ಹಚ್ಚಿ ನಂಬರು ಹಾಕಿದೆ.

ಓದುವಾಗ ಒಂದನ್ನು ಗಮನಿಸಿದೆ. ನಾನು ಉದ್ದಕ್ಕೆ ಹೇಳುತ್ತಿದ್ದರೂ ಅವನ ಬೆರಳು ಬೇಗ ನಿಲ್ಲುತ್ತಿತ್ತು. ‘ಹಳದಿ ಬೂಟಿನ ಮುದುಕಿ, ದೋಣಿ, ಬೆಕ್ಕಿನ ಬುಟ್ಟಿ ಬೀಳುತ್ತದೆ, ಅಳುತ್ತಾ ನಗುತ್ತಾಳೆ’ ಎಂದು ಹೇಳಿದೆ. ಅವನು ನಾಲ್ಕು ಸಲ ಬೆರಳಾಡಿಸಿ ನಿಲ್ಲಿಸಿದ.

“ಏನು ಬರೆದೆ?”

“ಪ್ರವಾಹ. ಸ್ಥಳೀಯ ನಿವಾಸಿ.”

“ಪ್ರವಾಹದಲ್ಲಿ ಸ್ಥಳೀಯ ನಿವಾಸಿಗಳು ಹಡಗು ತುಂಬ ಇದ್ದಾರಲ್ಲ. ಬೂಟು ಎಲ್ಲಿ?”

“ಬೂಟು ಬೇಡ. ಅಲ್ಲಿ ವಿದ್ಯಾವಂತರು ನೋಡೋದು. ಅಷ್ಟು ಸಾಕು.”

ಸಾಕಲ್ಲ ಎಂದು ನನಗೆ ಗೊತ್ತಿತ್ತು. ವಿದ್ಯಾವಂತರು ಎಂದಾಗ ಬಾಯಿ ಮುಚ್ಚಿಕೊಂಡೆ. ಏಳನೇ ಕ್ಲಾಸು ಎಲ್ಲಿ ಚುಚ್ಚಬೇಕೋ ಅಲ್ಲೇ ಚುಚ್ಚುತ್ತದೆ.

ಮಗಳು ಓರೆಬ್ರೂ ಆಸ್ಪತ್ರೆಯಲ್ಲಿ ನರ್ಸು, ದಿನಾ ರೈಲಿನಲ್ಲಿ ಹೋಗಿ ಬರುತ್ತಾಳೆ. ಒಂದು ಭಾನುವಾರ ಚಪಾತಿ ಬೇಯಿಸುತ್ತ ಕೇಳಿದಳು: “ಅಮ್ಮ, ಆ ಓರೆಬ್ರೂ ಜಾಬ್‌ದು ಕಾಂಟ್ರ್ಯಾಕ್ಟ್ ಬಂತಾ?”

“ಬರುತ್ತೆ. ಅವನು ಮಾತಾಡಿದ್ದಾನೆ.”

“ಯಾರ ಹತ್ರ? ಮೇಲ್ ಇದ್ಯಾ? ನಿಮ್ ಚೀಫ್ ಏನಂದ್ರು?”

“ಅವಳನ್ನ ಯಾಕೆ ಕೇಳ್ಲಿ? ಇವನು ಹೇಳಿದ್ದಾನಲ್ಲ.”

“ಅಮ್ಮ, ಈ ದೇಶದಲ್ಲಿ ಪೇಪರ್ ಇಲ್ಲದೆ ಬಸ್ಸೂ ನಿಲ್ಲಲ್ಲ. ಎರಡು ಬುಕ್ ಓದಿ ಆಯ್ತು ತಾನೇ? ಮೂರನೇದು ಮನೇಲಿ ಇಟ್ಕೊ. ಪೇಪರ್ ಬಂದ್ಮೇಲೆ ಓದು.”

“ನಲ್ಲಿ ರಿಪೇರಿ ಮಾಡಿದವನ ಹತ್ರ ಪೇಪರ್ ಕೇಳಬೇಕಾ?”

“ಪ್ಲಂಬರ್ ಕೂಡ ರಸೀತಿ ಕೊಡ್ತಾನೆ ಅಮ್ಮ,” ಎಂದಳು. ನನ್ನ ಮಗಳಿಗೆ ಬಾಯಿ ನನ್ನದೇ ಬಂದಿದೆ.

ಮೂರನೇ ಪುಸ್ತಕವನ್ನು ಮೂರು ದಿನ ಮನೆಯಲ್ಲೇ ಬಿಟ್ಟು ಹೋದೆ, ಮರೆತೆ ಎಂದೆ. ನಾಲ್ಕನೇ ದಿನ ಅವನು ಏನೂ ಕೇಳಲಿಲ್ಲ. ಥರ್ಮಾಸು ತೆರೆದು ನನ್ನ ಲೋಟಕ್ಕೆ ಕಾಫಿ ಬಗ್ಗಿಸಿದ. ಅದಕ್ಕೆ ಏಲಕ್ಕಿ ಹಾಕಿದ್ದ. ಹನ್ನೊಂದು ವರ್ಷಗಳಲ್ಲಿ ನಾನು ಒಂದೋ ಎರಡೋ ಸಲ ಹೇಳಿರಬೇಕು, ನಮ್ಮಲ್ಲಿ ಕಾಫಿಗೂ ಏಲಕ್ಕಿ ಹಾಕುವವರಿದ್ದಾರೆ ಎಂದು. ನನಗೆ ನಾಚಿಕೆಯಾಯಿತು. ಐದನೇ ದಿನ ಪುಸ್ತಕ ಒಯ್ದು ಕೊನೆಯ ಹಾಳೆಯ ತನಕ ಓದಿದೆ. ನಿರ್ಧಾರ ನನ್ನದೇ. ಯಾರೂ ಕೈ ತಿರುಚಲಿಲ್ಲ.

ಪಟ್ಟಿ ಮುಗಿಯಿತು. ಅವನು ಮುದ್ರಿಸಿ ಫೈಲು ಮಾಡಿ ಮುಖ್ಯಸ್ಥೆಗೆ ಕೊಟ್ಟ. ನೋಟ್‌ಬುಕ್ಕುಗಳನ್ನೂ ಟೇಪಿನ ಜೊತೆ ಕಳಿಸೋಣ, ಮೂಲ ಪ್ರತಿ ಅಲ್ಲವೇ ಎಂದ. ಹೇಗೂ ನಾನೂ ಅಲ್ಲಿಗೇ ಹೋಗುವವಳು. ಮೊದಲ ಪೆಟ್ಟಿಗೆಯಲ್ಲಿಟ್ಟೆ.

ಇಲ್ಲಿನ ಆಫೀಸುಗಳಲ್ಲಿ ಒಂದು ಪದ್ಧತಿ ಇದೆ. ಕೆಲಸ ಬಿಟ್ಟು ಹೋಗುವವರಿಗೆ ಉಳಿದವರು ಕೇಕು ತರುವುದಿಲ್ಲ, ಹೋಗುವವರೇ ತರಬೇಕು. ತಂದು, ಕತ್ತರಿಸಿ, ಹಂಚಿ, ಎರಡು ಮಾತಾಡಿ ಹೋಗಬೇಕು. ನಮ್ಮ ಕಡೆಯಾದರೆ ಹಾರ ಹಾಕಿ ಕಳಿಸುತ್ತಿದ್ದರು. ಇಲ್ಲಿ ನಿನ್ನ ತಿಥಿಗೆ ನೀನೇ ಅಡುಗೆ. ಮುಚ್ಚುವ ದಿನ ಬುಧವಾರ ಎಂದು ಗೊತ್ತಾಗಿತ್ತು. ಹಿಂದಿನ ಗುರುವಾರ ಜಾಹೀರಾತಿನವನು ಚಾಕೊಲೇಟು ಕೇಕು ತಂದ. ಶುಕ್ರವಾರ ಒಬ್ಬ ವರದಿಗಾರ. ಸೋಮವಾರ ಹಳೇ ಪ್ರವಾಹದ ಟೇಪು ಕೇಳಿದ್ದ ವರದಿಗಾರ್ತಿ, ಹಸಿರು ಹೊದಿಕೆಯ ದೊಡ್ಡದು. ಮಂಗಳವಾರ ಕ್ಯಾಮೆರಾದವನು ತನ್ನ ಹೆಂಡತಿ ಮಾಡಿದ್ದು ತಂದ, ನಡುವೆ ಬೆಂದಿರಲಿಲ್ಲ. ತಟ್ಟೆ ಎತ್ತುವವಳು ನಾನಲ್ಲವೇ, ಲೆಕ್ಕ ತಾನಾಗಿ ಸಿಗುತ್ತಿತ್ತು. ಉಳಿದವರು ಮುಖ್ಯಸ್ಥೆ ಮತ್ತು ಟೆಕ್ನಿಷಿಯನ್. ಅವನು ತರುವುದಿಲ್ಲ, ನಾನೂ ತರುವುದಿಲ್ಲ, ನಾವಿಬ್ಬರೂ ಕೆಲಸ ಬಿಟ್ಟು ಹೋಗುವವರಲ್ಲ. ಹಾಗೆಂದು ನೆಮ್ಮದಿಯಿಂದ ಬೇಯದ ಕೇಕನ್ನು ತಿಂದೆ.

ಮಂಗಳವಾರದ ಆ ಫೀಕಾದಲ್ಲೇ ಮುಖ್ಯಸ್ಥೆ ನನ್ನ ಕಡೆ ಬಾಗಿ ಮೆಲ್ಲಗೆ ಕೇಳಿದಳು: “ನಾಳೆ ನನ್ನ ಕೇಕು. ನಿಂದೂ ನಾಳೆನಾ? ಎರಡಾದ್ರೆ ಉಳಿದುಬಿಡುತ್ತೆ. ಇಬ್ಬರೂ ಸೇರಿ ಒಂದೇ ತರೋಣ್ವಾ?”

“ನಾನ್ಯಾಕೆ ತರಲಿ? ನಾನು ಓರೆಬ್ರೂಗೆ ಹೋಗ್ತೀನಲ್ಲ.”

“ಹೌದಾ! ಅಲ್ಲಿ ಕ್ಲೀನಿಂಗ್ ಸಿಕ್ತಾ?”

“ಕ್ಲೀನಿಂಗ್ ಅಲ್ಲ. ಟೇಪು ಹುಡುಕೋ ಹುದ್ದೆ. ಎರಡರಲ್ಲಿ ಒಂದು.”

ಅವಳ ಚಮಚ ತಟ್ಟೆಯ ಮೇಲೆ ನಿಂತಿತು. “ಅಲ್ಲಿ ಇರೋದು ಒಂದೇ ಹುದ್ದೆ. ಪೂರ್ತಿ ಪಟ್ಟಿ ತಯಾರು ಮಾಡಿ ಕೊಟ್ಟವರಿಗೆ ಅಂತ ವಸಂತದಲ್ಲೇ ಹೇಳಿದ್ದರು. ಅವನು ಒಬ್ಬನೇ ಕೂತು ಎಷ್ಟು ಕಷ್ಟಪಟ್ಟ, ಪಾಪ. ನಿನಗೆ ಗೊತ್ತಲ್ಲ, ನೀನೂ ಟೇಪು ಎತ್ತಿ ಕೊಡ್ತಿದ್ದೆ.”

ಅವಳು ಸುಳ್ಳು ಹೇಳುತ್ತಿರಲಿಲ್ಲ. ಅವಳಿಗೆ ಅಷ್ಟೇ ಗೊತ್ತಿತ್ತು. ಅವಳ ಮೇಜಿನ ಮೇಲಿದ್ದ ಫೈಲನ್ನು ಹೋಗಿ ತೆರೆದು ನೋಡಿದೆ. ಮೊದಲ ಹಾಳೆಯಲ್ಲಿ ತಯಾರಿಸಿದವರು ಎಂಬಲ್ಲಿ ಒಂದು ಹೆಸರಿತ್ತು. ಒಂದೇ.

ಕೆಳಗೆ ಹೋದೆ. ಅವನು ತಂತಿಗಳನ್ನು ಸುತ್ತುತ್ತಿದ್ದ.

“ಎರಡು ಹುದ್ದೆ ಅಂದಿದ್ದೆ.”

ಅವನು ತಂತಿಯನ್ನೇ ನೋಡಿದ. “ಇರಬಹುದು ಅಂದ್ಕೊಂಡಿದ್ದೆ.”

“ಒಂದೇ ಅಂತ ಯಾವಾಗ ಗೊತ್ತಾಯ್ತು?”

“ನೀನು ಸ್ಟೇಷನ್ನಿನ ನೌಕರಳೇ ಅಲ್ಲ. ನಿನಗೆ ಹೇಗೂ ಕೊಡ್ತಿರಲಿಲ್ಲ. ನನಗೆ ಐವತ್ತೊಂಬತ್ತು. ಈ ವಯಸ್ಸಲ್ಲಿ ಯಾರು ತಗೋತಾರೆ? ನಿನಗೆ ಮಗಳಿದ್ದಾಳೆ.”

“ನನಗೆ ಅರವತ್ತೊಂದು. ಮಗಳು ಹುದ್ದೆ ಅಲ್ಲ. ನನಗೆ ಕೊಡ್ತೀರಾ ಅಂತ ಕೇಳಿದೆಯಾ? ಒಂದು ಸಲ? ಇವಳು ಮಾಡಿದ್ದು ಅಂತ ಬಾಯಿ ಬಿಟ್ಟೆಯಾ?”

ಈ ಸಲ ಆ ಉಸಿರೂ ಇಲ್ಲ. ಕನ್ನಡಕ ತೆಗೆದು ಅಂಗಿಯ ಅಂಚಿನಲ್ಲಿ ಒರೆಸತೊಡಗಿದ. ನನ್ನ ಕೈಗಳು ಕೆಸರು, ಅವನ ಬಾಯಿಗೆ ಮೊಸರು. ನಮ್ಮ ಅವ್ವ ಇದ್ದಿದ್ದರೆ ಇಂಥವನಿಗೆ ಎರಡು ಮಾತು ಬೈದಿರುತ್ತಿದ್ದಳು. ಸ್ವೀಡಿಷ್‌ನಲ್ಲಿ ಆ ಮಾತುಗಳಿಗೆ ಕಾವು ಸಾಲದು. ಕನ್ನಡದಲ್ಲೇ ಬೈದೆ, ಪೂರ್ತಿ. ಅರ್ಥ ಆಗಲಿಲ್ಲ, ಆದರೆ ತಲೆ ಎತ್ತಲಿಲ್ಲ.

ಬುಧವಾರ ಎಂದಿನಂತೆ ಹನ್ನೆರಡಕ್ಕೆ ಹೋದೆ. ಪೆಟ್ಟಿಗೆಗಳನ್ನು ಹಿಂಬಾಗಿಲಲ್ಲಿ ಸಾಲಾಗಿ ಇಟ್ಟಿದ್ದರು, ಲಾರಿ ಎರಡಕ್ಕೆ. ಅವುಗಳ ಮುಂದೆ ನಿಂತು ಒಂದು ಗಳಿಗೆ ಕೆಟ್ಟ ಯೋಚನೆ ಮಾಡಿದೆ. ನನ್ನ ಅಂಟುಪಟ್ಟಿಗಳನ್ನೆಲ್ಲ ಕೆರೆದು ಹಾಕಲು ಒಂದು ಗಂಟೆ ಸಾಕು. ಸ್ಟುಡಿಯೋದ ನೆಲ ಕೆರೆಯುವ ಬ್ಲೇಡು ಕೈಯಲ್ಲೇ ಇತ್ತು. ಆದರೆ ಆ ಟೇಪುಗಳು ನನಗೇನು ಮಾಡಿದ್ದವು? ವರ್ಷಾನುಗಟ್ಟಲೆ ಅಂಟದಂತೆ ಓಡಿಸಿಟ್ಟವಳು ನಾನು. ಬ್ಲೇಡನ್ನು ಜೇಬಿಗೆ ಹಾಕಿದೆ. ಮೊದಲ ಪೆಟ್ಟಿಗೆಯ ಬಾಯಿಗೆ ಅಂಟಿಸಿದ್ದ ಪಟ್ಟಿಯನ್ನು ಮಾತ್ರ ಕೊಯ್ದು ನನ್ನ ಮೂರು ನೋಟ್‌ಬುಕ್ಕುಗಳನ್ನು ತೆಗೆದು, ಮತ್ತೆ ಅಂಟಿಸಿ, ಚೀಲಕ್ಕೆ ಹಾಕಿಕೊಂಡೆ. ಅವು ದಾವಣಗೆರೆಯಲ್ಲಿ ಕೊಂಡವು, ಬರೆದದ್ದು ನಾನು. ಯಾರನ್ನೂ ಕೇಳಲಿಲ್ಲ.

ಮುಖ್ಯಸ್ಥೆಯ ಕೇಕನ್ನು ತಿನ್ನಲಿಲ್ಲ. ತಟ್ಟೆಗಳನ್ನು ಡಿಶ್‌ವಾಶರಿಗೆ ಹಾಕಿದೆ. ಅವಳು ನನ್ನನ್ನು ಅಪ್ಪಿಕೊಂಡಳು, ನಾನು ನಿಂತೇ ಇದ್ದೆ. ಸಂಜೆ ಕೊನೆಯ ಕಿಟಕಿ. ಆರಾದರೂ ಮನೆಗೆ ಹೋಗದೆ ಬಾಗಿಲಲ್ಲಿ ನಿಂತು ನೋಡಿದೆ. ಸರಿಯಾದ ಸೆಕೆಂಡಿಗೆ ತೆಗೆದ, ಸರಿಯಾದ ಸೆಕೆಂಡಿಗೆ ಮುಚ್ಚಿದ. ನಾನು ಕೀಲಿಕೈಯನ್ನು ಮೇಜಿನ ಮೇಲಿಟ್ಟು ಬಂದೆ.

ಮಾರನೆಯ ಬೆಳಿಗ್ಗೆ ಒಂಬತ್ತಕ್ಕೆ ಉದ್ಯೋಗ ಕಚೇರಿಯ ಬಾಗಿಲು ತೆಗೆಯುವಾಗ ನಾನು ಅಲ್ಲಿದ್ದೆ. ಸ್ಟೇಷನ್ನು ಮುಚ್ಚಿದ ಮೇಲೆ ಕ್ಲೀನಿಂಗ್ ಕಂಪನಿಯ ಬಳಿ ನನಗೆ ಬೇರೆ ಕೆಲಸವಿರಲಿಲ್ಲ. ಕೆಲಸ ಹೋದ ಮೊದಲ ದಿನವೇ ಹೆಸರು ಬರೆಸಬೇಕು ಎಂದು ಮಗಳು ಹೇಳಿದ್ದಳು. ಈ ಸಲ ಅವಳ ಮಾತು ಕೇಳಿದೆ. ಯಂತ್ರದಿಂದ ಸರತಿಯ ಚೀಟಿ ತೆಗೆದುಕೊಂಡು ಕೂತೆ. ಚೀಲ ತೊಡೆಯ ಮೇಲಿತ್ತು. ಫೋನು ಬಡಿದುಕೊಂಡಿತು. ಟೆಕ್ನಿಷಿಯನ್.

“ಕೇಳು,” ಎಂದ. ಹಿಂದೆ ಪೆಟ್ಟಿಗೆಗಳನ್ನು ಎಳೆಯುವ ಸದ್ದು. “ಸ್ಟಾಕ್‌ಹೋಮಿನವರು ಸಂಜೆಯ ಸುದ್ದಿಗೆ ಹಳೇ ಪ್ರವಾಹ ಕೇಳ್ತಿದ್ದಾರೆ. ದೋಣಿಯಿಂದ ಇಳಿಯೋ ಮುದುಕಿ. ಪಟ್ಟೀಲಿ ಪ್ರವಾಹ, ಸ್ಥಳೀಯ ನಿವಾಸಿ ಅಂತ ಅರವತ್ತು ಟೇಪು ಇದೆ. ಯಾವುದು ಅದು? ನೋಟ್‌ಬುಕ್ಕೂ ಪೆಟ್ಟಿಗೇಲಿ ಇಲ್ಲ.”

ನನಗೆ ನೋಟ್‌ಬುಕ್ಕು ತೆರೆಯುವ ಅಗತ್ಯವೂ ಇರಲಿಲ್ಲ. ಆ ಟೇಪಿಗೆ ಅಂಟುಪಟ್ಟಿ ಹಚ್ಚಿ ನಂಬರು ಹಾಕಿದ ಕೈ ಇದೇ.

“ನಾನು ಕ್ಲೀನರ್,” ಎಂದೆ. “ನೆಲದ ವಿಷಯ ಏನಾದರೂ ಇದ್ದರೆ ಕೇಳು.”

ಫೋನು ಇಟ್ಟೆ. ಗೋಡೆಯ ಮೇಲೆ ನನ್ನ ನಂಬರು ಬಂತು. ಕೌಂಟರಿನಲ್ಲಿದ್ದ ಹೆಂಗಸು ನನ್ನ ಪರ್ಸೊನ್‌ನುಮ್ಮರ್, ಅಂದರೆ ಇಲ್ಲಿನ ಗುರುತಿನ ಸಂಖ್ಯೆ, ಒತ್ತಿ, ಪರದೆಯನ್ನು ನೋಡಿ, “ಉದ್ಯೋಗ, ಕ್ಲೀನರ್. ಹಾಗೇ ಇಟ್ಕೊಳ್ಳಲಾ?” ಎಂದಳು.

“ಬೇಡ. ಅಳಿಸು. ಟಿವಿ ಸ್ಟೇಷನ್ನಿನ ಟೇಪು ಸಂಗ್ರಹದವಳು ಅಂತ ಬರಿ. ಹನ್ನೊಂದು ವರ್ಷ.”

“ಅದಕ್ಕೆ ಏನಾದರೂ ಕಾಗದ ಇದೆಯಾ?”

ಚೀಲದಿಂದ ಮೂರು ನೋಟ್‌ಬುಕ್ಕುಗಳನ್ನು ತೆಗೆದು ಅವಳ ಮುಂದಿಟ್ಟೆ. ಅವಳು ಒಂದನ್ನು ತೆರೆದು, ತಲೆಕೆಳಗಾಗಿ ಹಿಡಿದಿದ್ದೇನೆಯೇ ಎಂದು ತಿರುಗಿಸಿ ನೋಡಿದಳು.

“ನನಗೆ ಓದೋಕೆ ಬರಲ್ಲವಲ್ಲ.”

“ಗೊತ್ತು,” ಎಂದು ಕುರ್ಚಿ ಎಳೆದುಕೊಂಡು ಕೂತೆ. “ನಾನು ಓದ್ತೀನಿ. ಈ ಸಲ ಹೇಳಿದ್ದಷ್ಟನ್ನೂ ಬರಿ.”